ಪ್ರವಾಸದಲ್ಲಿ ಪೇಂಟಿಂಗ್ ಕ್ಲಾಸ್: ಚಿಕ್ಕ ಕಾಗದ, ಮೂರು ಬಣ್ಣ, ಒಂದು ಬ್ರಶ್

ನಮಸ್ಕಾರ. ಊರು ಸುತ್ತೋಕೆ ಹೋದಾಗ ಎರಡು ಗಂಟೆಯ ಪೇಂಟಿಂಗ್ ಕ್ಲಾಸ್ ಸೇರೋದು ಈಗ ಬಹಳ ಜನಕ್ಕೆ ಇಷ್ಟ. ಬ್ರಶ್ ಹಿಡಿದು ಗೊತ್ತಿಲ್ಲದವರೂ ಬರಬಹುದು, ಆರಾಮಾಗಿ ಕೂತು ಕಲೀಬಹುದು ಅಂತ ಕರೀತಾರೆ. ಖಂಡಿತ ಸೇರಿ. ಆದರೆ ಯಾವ ಕ್ಲಾಸ್ ಅನ್ನೋ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಎಲ್ಲರಿಗೂ ದೊಡ್ಡ ಕ್ಯಾನ್ವಾಸ್ ಕೊಟ್ಟು, ಎಲ್ಲರ ಕೈಲೂ ಒಂದೇ ಸೂರ್ಯಾಸ್ತ ಬರೆಸಿ ಕಳಿಸೋ ಕ್ಲಾಸ್ ಬೇಡ. ಚಿಕ್ಕ ಕಾಗದ, ಮೂರು ಬಣ್ಣ, ಒಂದು ಬ್ರಶ್ ಕೊಟ್ಟು ನೀರಿನ ಜೊತೆ ಆಡೋಕೆ ಬಿಡೋ ಜಲವರ್ಣದ ಕ್ಲಾಸ್ ಹುಡುಕಿ.

ಹೊಸಬರಿಗೆ ಸುಸ್ತಾಗೋದು ಕೈ ಪಳಗಿಲ್ಲ ಅಂತ ಅಲ್ಲ. ನಿಮಿಷಕ್ಕೊಂದು ತೀರ್ಮಾನ ತಗೋಬೇಕಲ್ಲ, ಅದಕ್ಕೆ. 24 ಬಣ್ಣದ ಡಬ್ಬಿ ಮುಂದಿಟ್ಟರೆ ಯಾವ ಹಸಿರು ಅಂತ ಯೋಚನೆ. ಐದು ಬ್ರಶ್ ಇದ್ದರೆ ಯಾವುದು ಎತ್ತಲಿ ಅಂತ ಯೋಚನೆ. ಕಾಗದ ದೊಡ್ಡದಾದರೆ ಮೂಲೆ ಮೂಲೆಗೂ ಏನೋ ತುಂಬಬೇಕು ಅನ್ನೋ ಒತ್ತಡ. ಈ ಆಯ್ಕೆಗಳನ್ನ ಮೊದಲೇ ಕಮ್ಮಿ ಮಾಡಿದ ಕ್ಲಾಸಲ್ಲಿ ಮನಸ್ಸು ತಾನಾಗೇ ಹಗುರ ಆಗುತ್ತೆ. "ಏನು ಬೇಕಾದ್ರೂ ಬರೀರಿ, ತಪ್ಪು ಅನ್ನೋದೇ ಇಲ್ಲ" ಅಂತ ಬಿಟ್ಟುಬಿಡೋ ಮೇಷ್ಟ್ರಿಗಿಂತ "ಈ ಅರ್ಧ ಗಂಟೆ ಬರೀ ಆಕಾಶ" ಅನ್ನೋ ಮೇಷ್ಟ್ರ ಹತ್ರ ಕೂತವರು ಹೆಚ್ಚು ನಿರಾಳವಾಗಿರ್ತಾರೆ.

ಬುಕ್ ಮಾಡೋ ಮುಂಚೆ ಕೇಳಲೇಬೇಕಾದ್ದು ಕಾಗದದ ಬಗ್ಗೆ. ಎಷ್ಟು ಜಿಎಸ್‌ಎಂ? ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅಂತ. 300 ಅಂದರೆ ಧೈರ್ಯವಾಗಿ ಹೋಗಿ. 200ಕ್ಕಿಂತ ಕಮ್ಮಿ ಇದ್ದರೆ ನೀರು ಬಿದ್ದ ತಕ್ಷಣ ಕಾಗದ ಅಲೆ ಅಲೆಯಾಗಿ ಏಳುತ್ತೆ. ತಗ್ಗಲ್ಲಿ ಬಣ್ಣ ನಿಲ್ಲುತ್ತೆ, ಉಬ್ಬಿದ ಕಡೆ ಬೇಗ ಒಣಗುತ್ತೆ, ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತೆ. ಕಲಿಯೋರು ಅದನ್ನ ತಮ್ಮ ಕೈಯ ತಪ್ಪು ಅಂದುಕೊಂಡು "ನನಗೆ ಇದು ಬರಲ್ಲ" ಅಂತ ಎದ್ದು ಹೋಗ್ತಾರೆ. ತಪ್ಪು ಕಾಗದದ್ದು. ಬಣ್ಣ, ಬ್ರಶ್ ಸಾಧಾರಣದ್ದಾದ್ರೂ ನಡೆಯುತ್ತೆ, ಕಾಗದ ಮಾತ್ರ ಚೆನ್ನಾಗಿರಬೇಕು. ಹತ್ತಿಯಿಂದ ಮಾಡಿದ್ದಾದರೆ ಇನ್ನೂ ಒಳ್ಳೇದು, ನೀರನ್ನ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತೆ, ಕೈ ಆಡಿಸೋಕೆ ಸಮಯ ಸಿಗುತ್ತೆ. ಕೋಲ್ಡ್ ಪ್ರೆಸ್ ಅಂತಾರಲ್ಲ, ಸ್ವಲ್ಪ ತರಿ ಇರೋ ಮೇಲ್ಮೈ, ಮೊದಲ ಸಲಕ್ಕೆ ಅದೇ ಸರಿ. ನುಣುಪಾದ ಹಾಟ್ ಪ್ರೆಸ್ ಮೇಲೆ ನೀರು ಜಾರಿ ಓಡುತ್ತೆ, ಪ್ರತಿ ಅಂಚೂ ಎದ್ದು ಕಾಣುತ್ತೆ.

ಇನ್ನೊಂದು ಕೇಳಿ: ಒಬ್ಬ ಮೇಷ್ಟ್ರಿಗೆ ಎಷ್ಟು ಜನ? ಎಂಟು ದಾಟಿದರೆ ನಿಮ್ಮ ಕಾಗದ ಹಸಿ ಇದ್ದಾಗ ಅವರು ಹತ್ತಿರ ಇರಲ್ಲ. ಜಲವರ್ಣದಲ್ಲಿ ಸಲಹೆ ಬೇಕಾಗೋದು ಆ ಎರಡು ಮೂರು ನಿಮಿಷಗಳಲ್ಲೇ, ಒಣಗಿದ ಮೇಲೆ ಹೇಳಿ ಏನೂ ಪ್ರಯೋಜನ ಇಲ್ಲ. ಹಾಗೇ, ಎರಡನೇ ಹಾಳೆ ಕೊಡ್ತಾರಾ ಅಂತಲೂ ಕೇಳಿ. ಒಂದೇ ಹಾಳೆ ಅಂದರೆ ಭಯ ಹುಟ್ಟುತ್ತೆ. ಎ4 ಹಾಳೆಯನ್ನ ನಾಲ್ಕು ಭಾಗ ಮಾಡಿ ಕೊಟ್ಟರೆ ನಾಲ್ಕು ಸಲ ಪ್ರಯತ್ನ ಮಾಡೋ ಅವಕಾಶ. ಸುಮಾರು 10 ಸೆಂಟಿಮೀಟರ್‌ಗೆ 15 ಸೆಂಟಿಮೀಟರ್ ಬರುತ್ತೆ, ಕಲಿಯೋಕೆ ಅದು ಧಾರಾಳ.

ಬಣ್ಣಕ್ಕೆ ಬರೋಣ. ಪ್ರವಾಸದಲ್ಲಿ ಕಣ್ಣಿಗೆ ಬೀಳೋದು ಹೆಚ್ಚಾಗಿ ಆಕಾಶ, ಕಲ್ಲು, ಗೋಡೆ, ಮರ, ನೀರು. ಇವಕ್ಕೆಲ್ಲ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು, ಜೊತೆಗೊಂದು ತಿಳಿ ಹಳದಿ ಸಾಕು. ಮೊದಲೆರಡರ ಜೋಡಿ ನನಗೆ ಬಹಳ ಪ್ರೀತಿ. ನೀಲಿಯೂ ಕಿತ್ತಳೆಗೆ ವಾಲಿದ ಕಂದೂ ವರ್ಣಚಕ್ರದಲ್ಲಿ ಎದುರುಬದುರು ಇರೋದರಿಂದ ಒಂದನ್ನೊಂದು ತಣಿಸಿ ಬೂದು ಬಣ್ಣ ಕೊಡ್ತವೆ. ನೀಲಿ ಒಂಚೂರು ಹೆಚ್ಚಾದರೆ ತಂಪಾದ ನೆರಳು, ಮಳೆಮೋಡ. ಕಂದು ಹೆಚ್ಚಾದರೆ ಬಿಸಿಲು ತಿಂದ ಕಲ್ಲು. ನೀರು ಕಮ್ಮಿ ಹಾಕಿ ದಟ್ಟವಾಗಿ ಕಲಸಿದರೆ ಹೆಚ್ಚುಕಡಿಮೆ ಕಪ್ಪೇ. ಹಾಗಾಗಿ ಡಬ್ಬಿಯ ಕಪ್ಪು ಮುಟ್ಟಬೇಕಾಗಿಲ್ಲ. ಬಿಳಿಯೂ ಅಷ್ಟೆ, ಜಲವರ್ಣದಲ್ಲಿ ಬಿಳಿ ಅಂದರೆ ಕಾಗದ. ಎಲ್ಲಿ ಬಿಳಿ ಬೇಕೋ ಅಲ್ಲಿ ಹಚ್ಚದೆ ಬಿಡೋದು, ಇದನ್ನ ಪೆನ್ಸಿಲ್ ಹಿಡಿದಾಗಲೇ ಗುರುತು ಮಾಡಿಕೊಳ್ಳಬೇಕು. ಪೆನ್ಸಿಲ್ ಎಚ್‌ಬಿ ಇರಲಿ, ಒತ್ತಬೇಡಿ. ರಬ್ಬರ್‌ನಿಂದ ಗಸಗಸ ಉಜ್ಜಿದ ಕಡೆ ಕಾಗದದ ಮೇಲಿನ ಅಂಟಿನ ಪದರ ಹೋಗಿ, ಆ ಜಾಗ ಬಣ್ಣ ಹೀರಿಕೊಂಡು ಕರೆಯಾಗಿ ಕಾಣುತ್ತೆ.

ಈಗ ಒಂದೇ ಒಂದು ಕೆಲಸವನ್ನ ಹತ್ತಿರದಿಂದ ನೋಡೋಣ, ಆಕಾಶಕ್ಕೆ ವಾಶ್ ಹಾಕೋದು, ಅಂದರೆ ನೀರಾದ ಬಣ್ಣವನ್ನ ಒಂದೇ ಪದರವಾಗಿ ಹರಡೋದು. ಎರಡು ಗಂಟೆಯಲ್ಲಿ ಇದೊಂದು ಕೈಗೆ ಹತ್ತಿದರೂ ಕ್ಲಾಸ್‌ಗೆ ಕೊಟ್ಟ ದುಡ್ಡು ಸಾರ್ಥಕ ಅಂತ ನನ್ನ ಲೆಕ್ಕ.

ಕಾಗದದ ನಾಲ್ಕೂ ಅಂಚನ್ನ ಮಾಸ್ಕಿಂಗ್ ಟೇಪ್‌ನಿಂದ ಹಲಗೆಗೆ ಅಂಟಿಸಿ. ಹಲಗೆಯ ಮೇಲಂಚಿನ ಕೆಳಗೆ ಎರಡು ಮೂರು ಸೆಂಟಿಮೀಟರ್ ದಪ್ಪದ ಪುಸ್ತಕ ಇಡಿ, ಸ್ವಲ್ಪ ಇಳಿಜಾರು ಬೇಕು. ಎರಡು ಟೀ ಚಮಚ ನೀರಲ್ಲಿ ನೀಲಿ ಕಲಸಿ. ಸಾಕು ಅನಿಸಿದ್ದರ ಎರಡು ಪಟ್ಟು ಕಲಸಿ, ಯಾಕಂದ್ರೆ ಅರ್ಧ ಆಕಾಶಕ್ಕೆ ಬಣ್ಣ ಮುಗಿದರೆ ಮತ್ತೆ ಕಲಸೋದರೊಳಗೆ ಅಂಚು ಒಣಗಿ ಗೆರೆ ಬೀಳುತ್ತೆ. ಎಂಟನೇ ನಂಬರ್ ರೌಂಡ್ ಬ್ರಶ್ಶನ್ನ ಪೂರ್ತಿ ಅದ್ದಿ, ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಕೆಳಗಂಚಲ್ಲಿ ಬಣ್ಣದ ನೀರು ಉಬ್ಬಿ ನಿಲ್ಲಬೇಕು. ನಿಲ್ಲದಿದ್ದರೆ ಬ್ರಶ್‌ನಲ್ಲಿ ನೀರು ಸಾಲದು ಅಂತ ಅರ್ಥ. ಮುಂದಿನ ಗೆರೆ ಆ ಉಬ್ಬನ್ನ ಸವರಿಕೊಂಡೇ ಹೋಗಬೇಕು, ಆಗ ಅದು ಕೆಳಕ್ಕೆ ಇಳಿಯುತ್ತೆ. ಕೆಳಗೆ ಹೋದಂತೆ ಆಕಾಶ ತಿಳಿಯಾಗಬೇಕು ಅಂದರೆ, ಪ್ರತಿ ಗೆರೆಗೂ ಮುಂಚೆ ಕಲಸಿದ ಬಣ್ಣಕ್ಕೆ ಸ್ವಲ್ಪ ಶುದ್ಧ ನೀರು ಸೇರಿಸ್ತಾ ಹೋಗಿ. ಕೊನೆಯ ಗೆರೆಯಲ್ಲಿ ನಿಂತ ಉಬ್ಬನ್ನ, ಟಿಶ್ಯೂಗೆ ಒತ್ತಿ ಹಿಂಡಿದ ಬ್ರಶ್‌ನ ತುದಿಯಿಂದ ಹೀರಿಸಿಬಿಡಿ. ಇದನ್ನ ಮರೆತರೆ, ಮೇಲಿನ ಭಾಗ ಆರುತ್ತಿದ್ದ ಹಾಗೆ ಕೆಳಗೆ ನಿಂತ ನೀರು ವಾಪಸ್ ಮೇಲಕ್ಕೆ ಹರಡಿ ಹೂಕೋಸಿನ ಹಾಗೆ ಅಂಚು ಮೂಡಿಸುತ್ತೆ.

ಆಮೇಲೆ ಕೈ ಕಟ್ಟಿ ಕೂರೋದು. ಎಲ್ಲರೂ ಎಡವೋದು ಇಲ್ಲೇ. ಒಂದು ಕಡೆ ತಿಳಿಯಾಯ್ತು, ಒಂಚೂರು ಸರಿಮಾಡೋಣ ಅಂತ ಬ್ರಶ್ ಇಡ್ತಾರೆ, ಆಕಾಶ ಹಾಳಾಗುತ್ತೆ. ಮುಟ್ಟಬಹುದೋ ಬಾರದೋ ಅಂತ ಕಾಗದವೇ ಹೇಳುತ್ತೆ. ತಲೆ ಬಗ್ಗಿಸಿ ಬೆಳಕಿಗೆ ಓರೆಯಾಗಿ ನೋಡಿ. ಕನ್ನಡಿ ಹಾಗೆ ಥಳಥಳ ಅಂತಿದ್ದರೆ ಇನ್ನೂ ಬಣ್ಣ ಸೇರಿಸಬಹುದು, ಮೆತ್ತಗೆ ಬೆರೆಯುತ್ತೆ. ಹೊಳಪು ಇಳಿದು ಮಂದವಾಗ್ತಾ ಇದ್ದರೆ ಮುಟ್ಟಲೇಬೇಡಿ, ಒದ್ದೆ ಬ್ರಶ್ ಇಟ್ಟರೆ ಅಲ್ಲಿ ಅದೇ ಹೂಕೋಸು. ಹೊಳಪು ಪೂರ್ತಿ ಹೋದ ಮೇಲೆ ಬೆರಳಿನ ಹಿಂಭಾಗ ತಾಗಿಸಿ. ತಣ್ಣಗಿದ್ದರೆ ಒಳಗಿನ ತೇವ ಇನ್ನೂ ಆವಿಯಾಗ್ತಿದೆ. ತಣುಪು ಹೋದ ಮೇಲೇ ಎರಡನೇ ಪದರ. ಒಣಗಿದ ಬಣ್ಣ ಹಸಿ ಇದ್ದಾಗಿಗಿಂತ ತಿಳಿಯಾಗಿ ಕಾಣೋದು ಸಹಜ, ಅದಕ್ಕೆ ಮೊದಲೇ ಒಂದು ಮೆಟ್ಟಿಲು ಗಾಢ ಹಚ್ಚಬೇಕು. ಪಕ್ಕದಲ್ಲಿ ಅದೇ ಕಾಗದದ ತುಂಡಿಟ್ಟುಕೊಂಡು ಪರೀಕ್ಷೆ ಮಾಡಿ.

ಒಣಗೋ ಹೊತ್ತು ನೀವಿರೋ ಜಾಗದ ಹವೆಯ ಮೇಲಿದೆ, ಪ್ರವಾಸಿಗಳು ಇದನ್ನ ಗಮನಿಸಬೇಕು. ಕಡಲ ತೀರದಲ್ಲಿ, ಮಳೆಗಾಲದಲ್ಲಿ ಒಂದು ವಾಶ್ ಆರೋಕೆ ಅರ್ಧ ಗಂಟೆ ಹಿಡಿಯಬಹುದು. ಹೇರ್ ಡ್ರೈಯರ್ ಇಲ್ಲದ ಕ್ಲಾಸಾದರೆ ಎರಡು ಗಂಟೆಯಲ್ಲಿ ಮೂರು ಪದರ ಹಾಕೋಕಾಗಲ್ಲ, ಒಂದು ಆರುವಾಗ ಇನ್ನೊಂದು ಹಾಳೆ ಶುರು ಮಾಡೋದೇ ಜಾಣತನ. ಬಿಸಿಯ ಒಣ ಹವೆಯಲ್ಲಿ ಇದಕ್ಕೆ ತದ್ವಿರುದ್ಧ, ಎರಡನೇ ಗೆರೆ ಎಳೆಯೋದರೊಳಗೆ ಮೊದಲನೆಯದು ಆರಿಹೋಗುತ್ತೆ. ಅಲ್ಲಿ ಕಾಗದವನ್ನ ಮೊದಲೇ ಶುದ್ಧ ನೀರಿಂದ ಒದ್ದೆ ಮಾಡಿ, ಒಂದು ನಿಮಿಷ ಬಿಟ್ಟು ಬಣ್ಣ ಹಚ್ಚಿ. ಬಯಲಲ್ಲಿ ಕೂರೋದಾದರೆ ನೆರಳಲ್ಲೇ ಕೂರಿ. ಬಿಳಿ ಕಾಗದದ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸಿ ಬಣ್ಣದ ಅಂದಾಜು ತಪ್ಪುತ್ತೆ, ಒಳಗೆ ತಂದು ನೋಡಿದಾಗ ಚಿತ್ರ ಮಂಕಾಗಿರುತ್ತೆ.

ರಾಡಿ ಬಣ್ಣದ ದೂರಂತೂ ಎಲ್ಲ ಕ್ಲಾಸಲ್ಲೂ ಇದೆ. ನೀರಿನ ಲೋಟ ಎರಡಿರಲಿ, ಒಂದು ಬ್ರಶ್ ತೊಳೆಯೋಕೆ, ಒಂದು ಬಣ್ಣ ಕಲಸೋಕೆ. ಅರ್ಧ ಆರಿದ ಬಣ್ಣವನ್ನ ಮತ್ತೆ ಮತ್ತೆ ತಿಕ್ಕಬೇಡಿ. ಇಷ್ಟು ಮಾಡಿದರೆ ರಾಡಿ ಮುಕ್ಕಾಲು ಪಾಲು ನಿಲ್ಲುತ್ತೆ.

ಆಕ್ರಿಲಿಕ್, ಅಂದರೆ ನೀರಲ್ಲಿ ಕಲಸಿದರೂ ಆರಿದ ಮೇಲೆ ಪ್ಲಾಸ್ಟಿಕ್ ಹಾಗೆ ಗಟ್ಟಿಯಾಗೋ ಬಣ್ಣ, ಅದರ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ತಪ್ಪಿದ್ದನ್ನ ಮುಚ್ಚಿ ಮೇಲೆ ಮತ್ತೆ ಬರೆಯೋಕೆ ಆಗೋದರಿಂದ ಅಳುಕು ಇರೋರಿಗೆ ಅದು ಹಿಡಿಸುತ್ತೆ. ತೆಳು ಪದರ ಹತ್ತು ಇಪ್ಪತ್ತು ನಿಮಿಷದಲ್ಲಿ ಆರುತ್ತೆ, ಆರಿದಾಗ ಒಂಚೂರು ಗಾಢವಾಗುತ್ತೆ, ಜಲವರ್ಣಕ್ಕೆ ಉಲ್ಟಾ. ಆದರೆ ಪ್ಯಾಲೆಟ್ ಮೇಲಿನ ಬಣ್ಣವೂ ಅಷ್ಟೇ ಬೇಗ ಗಟ್ಟಿಯಾಗುತ್ತೆ, ನೀರಲ್ಲಿಡೋಕೆ ಮರೆತ ಬ್ರಶ್ ಕೆಟ್ಟೇಹೋಗುತ್ತೆ. 30ಕ್ಕೆ 40 ಸೆಂಟಿಮೀಟರ್ ಕ್ಯಾನ್ವಾಸ್ ತುಂಬೋದರಲ್ಲೇ ಅರ್ಧ ಹೊತ್ತು ಮುಗಿಯುತ್ತೆ. ಆಕ್ರಿಲಿಕ್ಕೇ ಬೇಕು ಅಂದರೆ 15 ಸೆಂಟಿಮೀಟರ್ ಚೌಕದ ಹಲಗೆ ಕೇಳಿ. ಮೇಷ್ಟ್ರ ಚಿತ್ರ ನೋಡಿ ನಕಲು ಮಾಡೋದರಲ್ಲೂ ತಪ್ಪಿಲ್ಲ, ಕಲೆಯನ್ನ ಜನ ಹಿಂದಿನಿಂದಲೂ ಹಾಗೇ ಕಲಿತಿದ್ದಾರೆ. ಆ ಗೆರೆ ಯಾಕೆ ಅಲ್ಲಿ, ಈ ನೆರಳು ಯಾಕೆ ನೀಲಿ ಅಂತ ಹೇಳಿಕೊಡದೆ ಬರೀ "ಈಗ ಕೆಂಪು, ಈಗ ಹಳದಿ" ಅಂದರೆ ಮಾತ್ರ ಮರುದಿನ ಏನೂ ಉಳಿಯಲ್ಲ. ನಿಮ್ಮ ಕೈಯಿಂದ ಬ್ರಶ್ ಕಿತ್ತುಕೊಂಡು ನಿಮ್ಮ ಚಿತ್ರವನ್ನೇ ತಿದ್ದೋ ಮೇಷ್ಟ್ರಿದ್ದರೆ, ಪಕ್ಕದ ತುಂಡು ಕಾಗದದ ಮೇಲೆ ತೋರಿಸಿ ಅಂತ ಮರ್ಯಾದೆಯಾಗಿ ಕೇಳಿ. ಒಳ್ಳೆಯವರು ಖುಷಿಯಿಂದಲೇ ತೋರಿಸ್ತಾರೆ.

ಕ್ಲಾಸನ್ನ ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳೋರು ಹೆಚ್ಚು. ಎರಡನೇ ದಿನಕ್ಕೇ ಇಡಿ, ಆಗ ಕಲಿತದ್ದನ್ನ ಉಳಿದ ದಿನಗಳಲ್ಲಿ ಬಳಸಬಹುದು. ಹೊರಗೆ ಬರೆಯೋಕೆ ಕೂತಾಗ ಕಂಡದ್ದೆಲ್ಲ ಬೇಕು ಅನಿಸುತ್ತೆ, ಅದಕ್ಕೆ ಒಂದು ರಟ್ಟಲ್ಲಿ 6ಕ್ಕೆ 9 ಸೆಂಟಿಮೀಟರ್ ಕಿಂಡಿ ಕತ್ತರಿಸಿ ಕಣ್ಣ ಮುಂದೆ ಹಿಡಿಯಿರಿ. ಕಣ್ಣು ಕಿರಿದು ಮಾಡಿ ಬೆಳಕು, ನಡುಛಾಯೆ, ಕತ್ತಲು ಅಂತ ಮೂರೇ ಭಾಗ ನೋಡಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಎರಡು ನಿಮಿಷದ ಪೆನ್ಸಿಲ್ ಕರಡು ಹಾಕಿ. ಬಣ್ಣ ರೂಮಿಗೆ ಬಂದ ಮೇಲೂ ಹಚ್ಚಬಹುದು. ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಟರ್ನರ್ 1819ರಲ್ಲಿ ಮೊದಲ ಸಲ ವೆನಿಸ್‌ಗೆ ಹೋದಾಗ ಪುಸ್ತಕ ತುಂಬ ಪೆನ್ಸಿಲ್ ರೇಖೆಗಳನ್ನೇ ಹಾಕಿದ, ಆ ಸಲದ ಬಣ್ಣದ ಹಾಳೆಗಳು ಬೆರಳೆಣಿಕೆಯಷ್ಟು. ಜಲವರ್ಣದಲ್ಲಿ ಅಂಥ ಕೈ ಇದ್ದವನೇ ಹಾಗೆ ಮಾಡಿದ ಮೇಲೆ, ಹೊಸಬರು ಎಲ್ಲವನ್ನೂ ಅಲ್ಲೇ ಮುಗಿಸಬೇಕು ಅನ್ನೋ ಹಟ ಯಾಕೆ?

ಇನ್ನು ಸಾಗಿಸೋ ವಿಚಾರ. ಟೇಪನ್ನ ಕಾಗದ ಪೂರ್ತಿ ಆರಿದ ಮೇಲೇ ಬಿಡಿಸಿ, ಚಿತ್ರದಿಂದ ಹೊರಕ್ಕೆ ಓರೆಯಾಗಿ ನಿಧಾನಕ್ಕೆ ಎಳೀರಿ, ಅವಸರ ಮಾಡಿದರೆ ಕಾಗದದ ಪದರವೇ ಕಿತ್ತು ಬರುತ್ತೆ. ಜಲವರ್ಣದ ಹಾಳೆಗಳನ್ನ ಎರಡು ರಟ್ಟಿನ ಮಧ್ಯೆ ಇಟ್ಟರೆ ಸಾಕು. ಆಕ್ರಿಲಿಕ್ ಚಿತ್ರಗಳನ್ನ ಮಾತ್ರ ಮುಖಕ್ಕೆ ಮುಖ ಸೇರಿಸಿ ಇಡಬೇಡಿ, ಆರಿದ್ದರೂ ಸೆಕೆಗೆ ಒಂದಕ್ಕೊಂದು ಅಂಟಿಕೊಳ್ತವೆ. ನಡುವೆ ಬಟರ್ ಪೇಪರ್ ಹಾಕಿ. ವಿಮಾನದಲ್ಲಿ ಗಟ್ಟಿ ಬಿಲ್ಲೆಯ ಬಣ್ಣಗಳಿಂದ ತೊಂದರೆ ಇಲ್ಲ. ಟ್ಯೂಬ್ ಇದ್ದರೆ ಕೈಚೀಲದ ದ್ರವಗಳ ಜೊತೆ ಲೆಕ್ಕ ಆಗುತ್ತೆ. ಎಣ್ಣೆಬಣ್ಣ ತೆಳು ಮಾಡೋ ಟರ್ಪಂಟೈನನ್ನ ಯಾವ ಬ್ಯಾಗಲ್ಲೂ ಬಿಡಲ್ಲ, ಆ ಕ್ಲಾಸಲ್ಲಿ ಕೊಟ್ಟದ್ದು ಅಲ್ಲೇ ಬಿಟ್ಟು ಬನ್ನಿ. ಹಾಳೆಯ ಹಿಂದೆ ಯಾವ ಬಣ್ಣ, ಯಾವ ಕಾಗದ, ಆರೋಕೆ ಎಷ್ಟು ಹೊತ್ತಾಯ್ತು ಅಂತ ಪೆನ್ಸಿಲಲ್ಲಿ ಬರೆದಿಡಿ. ಇಂಕ್ ಪೆನ್ ಬೇಡ, ನೀರು ತಾಗಿದರೆ ಶಾಯಿ ಚಿತ್ರದ ಕಡೆಗೆ ಇಳಿದುಬಿಡುತ್ತೆ.