ಡೇವಿಡ್ ಕಾರ್ ಸೋತಿದ್ದಕ್ಕೆ ಲೆಕ್ಕ ಕೊಡೋರು ಯಾರು?

ಎಲ್ರಿಗೂ ನಮಸ್ಕಾರ. ಕೂಟದವ್ರು ಫೋನ್ ಮಾಡ್ದಾಗ "ಸೂಪರ್ ಬೌಲ್ ಟೈಮು, ಏನಾದ್ರೂ ಲೈಟಾಗಿ ಮಾತಾಡಿ ಸಾರ್, ಇಪ್ಪತ್ತೇ ನಿಮಿಷ" ಅಂದ್ರು. ಅಮೆರಿಕನ್ ಫುಟ್‌ಬಾಲಿನ ಫೈನಲ್ ಅದು, ಈ ವಿಷ್ಯದಲ್ಲಿ ಲೈಟಾಗಿ ಮಾತಾಡೋದು ನನ್ ಕೈಲಾಗಲ್ಲ. ಹ್ಯೂಸ್ಟನ್‌ನಲ್ಲಿ ನಿಂತ್ಕೊಂಡು ಸ್ಯಾಕ್ ಅಂದ್ರೆ ಬಾಲ್ ಎಸೆಯೋ ಆಟಗಾರನ್ನ, ಅಂದ್ರೆ ಕ್ವಾರ್ಟರ್‌ಬ್ಯಾಕನ್ನ, ಎಸೆಯೋ ಮುಂಚೆನೇ ನೆಲಕ್ಕೆ ಕೆಡವೋದು ಅಂತೆಲ್ಲಾ ಹೇಳ್ತಾ ಕೂರಲ್ಲ, ಹಿಂದಿನ ಸಾಲಲ್ಲಿ ಕೂತಿರೋ ಹುಡುಗ್ರಿಗೆ ನನಗಿಂತ ಜಾಸ್ತಿ ಗೊತ್ತು. ನನ್ ತಕರಾರು ಒಂದೇ. ಪ್ರತಿ ಭಾನುವಾರ ಟೀವಿಲಿ ಒಂದು ಲೆಕ್ಕ ಹಾಕ್ತಾರಲ್ಲ, ಈ ಕ್ವಾರ್ಟರ್‌ಬ್ಯಾಕ್ ಇಷ್ಟು ಮ್ಯಾಚ್ ಗೆದ್ದ, ಇಷ್ಟು ಸೋತ ಅಂತ. ಟೀಮಲ್ಲಿ 53 ಜನ, ಸೋಲು ಮಾತ್ರ ಒಬ್ಬನ ಖಾತೆಗೆ. ಯಾವೂರ ನ್ಯಾಯ ಇದು?

2002ರಲ್ಲಿ ಇಲ್ಲಿ ಇದ್ದೋರು ಯಾರ್ಯಾರಿದ್ದೀರಿ? ಹಾಂ, ನಾಲ್ಕೈದು ಕೈ. ನಿಮ್ಗೆ ನೆನಪಿರುತ್ತೆ. ನಮ್ಮೂರ ಹಳೇ ಟೀಮು ಆಯಿಲರ್ಸ್ ಊರು ಬಿಟ್ಟು ಹೋದ್ಮೇಲೆ ಹೊಸ ಟೀಮು ಟೆಕ್ಸನ್ಸ್, ಹೊಸ ಸ್ಟೇಡಿಯಮ್ಮು, ಕಾಲೇಜು ಹುಡುಗ್ರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ಮೊಟ್ಟಮೊದಲ ಹೆಸ್ರು ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್. ಸೆಪ್ಟೆಂಬರ್ 8, ಮೊದಲ್ನೇ ಮ್ಯಾಚು, ಎದುರಿಗೆ ಡಲ್ಲಾಸ್, 19-10 ಗೆದ್ವಿ. ಊರೆಲ್ಲಾ ಹಬ್ಬ. ಅವತ್ತೇ ನಿಲ್ಲಿಸ್ಬಿಟ್ಟಿದ್ರೆ ಚೆನ್ನಾಗಿರ್ತಿತ್ತು! ಆ ಸೀಸನ್ ಮುಗಿಯೋ ಹೊತ್ತಿಗೆ ಆ ಹುಡುಗನ್ನ 76 ಸಲ ನೆಲಕ್ಕೆ ಕೆಡವಿದ್ರು. ಎನ್ಎಫ್ಎಲ್, ಅಂದ್ರೆ ಇಡೀ ಲೀಗಿನ ರೆಕಾರ್ಡು. 16 ಮ್ಯಾಚಿಗೆ 76, ನೀವೇ ಭಾಗಿಸ್ಕೊಳ್ಳಿ.

ಇದ್ರ ಹಿಂದೆ ಒಂದು ಕಥೆ ಇದೆ, ನನ್ ಹೆಂಡ್ತಿ ಇದನ್ನ ಕೇಳಿ ಕೇಳಿ ಸಾಕಾಗಿ ಈಗಾಗ್ಲೇ ಕಾಫಿ ಕಡೆ ಹೋದ್ರು ನೋಡಿ, ಇರ್ಲಿ. ಟೆಕ್ಸನ್ಸ್‌ನವ್ರು ದಡ್ಡರೇನಲ್ಲ, ಹುಡುಗನಿಗೆ ಕಾವಲು ಬೇಕು ಅಂತ ಗೊತ್ತಿತ್ತು. ಹೊಸ ಟೀಮಿಗೆ ಅಂತ, ಬೇರೆ ಟೀಮಿನೋರು ಬಿಟ್ಟ ಆಟಗಾರರನ್ನ ಆರಿಸ್ಕೊಳ್ಳೋ ಎಕ್ಸ್‌ಪಾನ್ಷನ್ ಡ್ರಾಫ್ಟ್ ಇಟ್ಟಿದ್ರಲ್ಲ, ಅದ್ರಲ್ಲಿ ಮೊದಲ್ನೇದಾಗಿ ತಗೊಂಡಿದ್ದು ಯಾರ್ನ? ಜಾಕ್ಸನ್‌ವಿಲ್‌ನ ಟೋನಿ ಬೊಸೆಲ್ಲಿನ. ಲೆಫ್ಟ್ ಟ್ಯಾಕಲ್, ಅಂದ್ರೆ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಥರ ನಿಲ್ಲೋ ಐದು ಜನರ ಲೈನಲ್ಲಿ ಎಡತುದಿಯವನು, ಐದು ಸಲ ಪ್ರೋ ಬೌಲ್ ಅನ್ನೋ ಆಲ್-ಸ್ಟಾರ್ ಮ್ಯಾಚಿಗೆ ಆಯ್ಕೆ, ಆ ಕಾಲದಲ್ಲಿ ಅವನ ಮಟ್ಟದ ಟ್ಯಾಕಲ್ ಹುಡುಕಿದ್ರೂ ಸಿಗ್ತಿರ್ಲಿಲ್ಲ. ಅವನ ಟೀಮು ಜಾಗ್ವಾರ್ಸ್‌ಗೆ ಸ್ಯಾಲರಿ ಕ್ಯಾಪ್, ಅಂದ್ರೆ ಸಂಬಳದ ಮಿತಿ, ಕುತ್ತಿಗೆಗೆ ಬಂದಿತ್ತು, ಬಿಟ್ಟುಕೊಟ್ರು. ಕಾಗದದ ಮೇಲೆ ಎಲ್ಲಾ ಸರಿ ಹೋಯ್ತು. ಆದ್ರೆ ಬೊಸೆಲ್ಲಿಯ ಭುಜ ಕೆಟ್ಟಿತ್ತು, ಹ್ಯೂಸ್ಟನ್ ಪರ ಒಂದೇ ಒಂದು ಮ್ಯಾಚ್ ಆಡ್ಲಿಲ್ಲ, ಹಾಗೇ ರಿಟೈರ್ ಆದ. 2022ರಲ್ಲಿ ಹಾಲ್ ಆಫ್ ಫೇಮ್ ಸೇರ್ದ. ಅವನ ಹಿಂದೆ ನಿಲ್ಲಬೇಕಿದ್ದ ಕಾರ್ ಕಥೆ ನಿಮ್ಗೇ ಗೊತ್ತು, 2005ರಲ್ಲಿ ಮತ್ತೆ 68 ಸ್ಯಾಕು, ಟೀಮು 2-14, 2007ರಲ್ಲಿ ಕೈಬಿಟ್ರು.

ಮುಂದಿನ ಸಾಲಲ್ಲಿ ಕೂತಿರೋ ನಮ್ಮ ರಾಯರು ಆಗ್ಲೇ ತಲೆ ಅಲ್ಲಾಡಿಸ್ತಿದ್ದಾರೆ, ಗೊತ್ತು ಸಾರ್ ನೀವೇನ್ ಹೇಳ್ತೀರಿ ಅಂತ, ಕಾರ್ ಬಾಲನ್ನ ತುಂಬಾ ಹೊತ್ತು ಕೈಲಿಟ್ಕೋತಿದ್ದ. ಹೌದು, ಒಪ್ಪಿದೆ, ಎಷ್ಟೋ ಸ್ಯಾಕು ಕ್ವಾರ್ಟರ್‌ಬ್ಯಾಕ್ ಮೈಮೇಲೆ ತಾನೇ ಎಳ್ಕೊಳ್ಳೋದು. ಆದ್ರೆ ಅವನಿಗೆ ಆ ಚಾಳಿ ಹತ್ತಿಸಿದ್ದು ಯಾರು? ಸುಮಾರು ಎರಡೂವರೆ ಸೆಕೆಂಡಲ್ಲಿ ಪಾಸ್ ಹಿಡಿಯೋ ಮೊದಲ್ನೇ ರಿಸೀವರ್ ನೋಡ್ಬೇಕು, ಇಲ್ಲಾಂದ್ರೆ ಎರಡನೇ, ಆಮೇಲೆ ಮೂರನೇ, ಕಾಲು ಸರಿಯಾಗಿ ಊರಬೇಕು. 130 ಕೆಜಿ ಆಸಾಮಿ ಬಂದು ಪಕ್ಕೆಗೆ ಗುದ್ದಿದ್ದು ವಾರವಾರ ನೆನಪಿದ್ರೆ ಕಣ್ಣು ದೂರಕ್ಕೆ ಹೋಗಲ್ಲ, ಆ ಆಸಾಮಿ ಮೇಲೇ ಇರುತ್ತೆ, ಕಾಲು ತಾನಾಗೇ ಓಡೋಕೆ ರೆಡಿ ಆಗುತ್ತೆ. ಆಮೇಲೆ ಒಳ್ಳೇ ಲೈನ್ ಕೊಟ್ರೂ ಆ ಭಯ ಬೇಗ ಹೋಗಲ್ಲ. ಕ್ಯಾಮೆರಾ ಯಾವತ್ತೂ ಆ ಐದು ಜನರ ಕಡೆ ತಿರುಗಲ್ಲ, ಅದೇ ನನ್ ಸಂಕಟ.

ಮತ್ತೆ ಡ್ರಾಫ್ಟ್ ನಿಯಮ ನೋಡಿ ಎಷ್ಟು ಚಂದ. ಹೋದ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡ್ದೋರಿಗೆ ಮೊದಲ್ನೇ ಆಯ್ಕೆ. ಅಂದ್ರೆ ಊರಿಗೇ ಜಾಣ ಹುಡುಗಿಯನ್ನ ಹುಡುಕಿ ಹುಡುಕಿ ಸೋರೋ ಮನೆಗೇ ಮದುವೆ ಮಾಡಿ ಕೊಟ್ಟ ಹಾಗೆ, ಆಮೇಲೆ ಮನೆ ಸೋರ್ತಿದೆ ಅಂತ ಸೊಸೆನೇ ಬೈಯೋದು.

ಕ್ವಾರ್ಟರ್‌ಬ್ಯಾಕ್ ಆರ್ಚಿ ಮ್ಯಾನಿಂಗ್‌ನ ತಗೊಳ್ಳಿ, 1971ರಲ್ಲಿ ಎರಡನೇ ಪಿಕ್, ನ್ಯೂ ಆರ್ಲಿಯನ್ಸ್‌ಗೆ. ಸ್ಟಾರ್ಟರ್ ಆಗಿ ಗೆದ್ದಿದ್ದು 35, ಸೋತಿದ್ದು 101, ಮೂರು ಟೈ. 1980ರಲ್ಲಂತೂ ಟೀಮು 1-15, ಜನ ಮುಖಕ್ಕೆ ಪೇಪರ್ ಬ್ಯಾಗ್ ಹಾಕ್ಕೊಂಡು ಸ್ಟೇಡಿಯಮ್ಮಿಗೆ ಬಂದ್ರು. ಆದ್ರೆ ಅದೇ ಮನೆಯ ಇಬ್ಬರು ಮಕ್ಕಳು ತಲಾ ಎರಡು ಸೂಪರ್ ಬೌಲ್ ಗೆದ್ರು. 2004ರಲ್ಲಿ ಅವರಲ್ಲಿ ಒಬ್ಬ, ಈಲೈ, ನಾನು ಸ್ಯಾನ್ ಡಿಯಾಗೋ ಟೀಮಿಗೆ ಹೋಗಲ್ಲ ಅಂತ ಹಠ ಹಿಡಿದ್ನಲ್ಲ, ಎಲ್ರೂ ಸೊಕ್ಕು ಅಂದ್ರು. ಅಪ್ಪ ಪಟ್ಟ ಪಾಡು ನೋಡಿ ಬೆಳೆದ ಹುಡುಗ ಇನ್ನೇನ್ ಹೇಳ್ಬೇಕಿತ್ತು? ಅವನು ಜೈಂಟ್ಸ್‌ಗೆ ಎರಡನೇ ಟ್ರೋಫಿ ಕೊಡಿಸ್ದಾಗ ಬೆಂಚಲ್ಲಿ ಬ್ಯಾಕಪ್ ಆಗಿ ಕೂತಿದ್ದು ಯಾರು ಗೊತ್ತಾ? ನಮ್ಮ ಡೇವಿಡ್ ಕಾರ್! ಅವನಿಗೂ ಉಂಗುರ ಸಿಕ್ತು. ನಂಗೆ ತುಂಬಾ ಖುಷಿಯಾಯ್ತು.

ಹತ್ತು ನಿಮಿಷ ಅಂತ ಚೀಟಿ ಬಂತು. ಐದಾ? ಸರಿ, ಐದು.

ಸ್ಟೀವ್ ಯಂಗ್ ಬಗ್ಗೆ ವಿಸ್ತಾರವಾಗಿ ಹೇಳ್ಬೇಕಿತ್ತು, ಟ್ಯಾಂಪಾದಲ್ಲಿ 19 ಮ್ಯಾಚಿಗೆ ಮೂರೇ ಗೆಲುವು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಸೂಪರ್ ಬೌಲಲ್ಲಿ ಆರು ಟಚ್‌ಡೌನ್ ಪಾಸು, ಅಂದ್ರೆ ಆರು ಸಲ ಅವನ ಪಾಸಿಂದ್ಲೇ ಸ್ಕೋರು. ಕೈ ಅದೇ, ಮನುಷ್ಯನೂ ಅವನೇ. ನನ್ ಮಾತಿಗೆ ವಿರುದ್ಧವಾಗಿ ಬರೋ ಉದಾಹರಣೆ ಅಂದ್ರೆ ಜೋ ಬರ್ರೋ, ಟೆನೆಸ್ಸೀಲಿ ಒಂಬತ್ತು ಸಲ ಬಿದ್ದೂ ಮ್ಯಾಚ್ ಗೆದ್ದ, ನಿಜ, ಆದ್ರೆ ಅದೇ ಸೀಸನ್ನಿನ ಸೂಪರ್ ಬೌಲಲ್ಲಿ ಏಳು ಸಲ ಬಿದ್ದ, ಸೋತ. ಕಾನ್ಸಾಸ್ ಸಿಟಿಯ ಮಹೋಮ್ಸ್‌ನೇ ನೋಡಿ, 2021ರ ಫೆಬ್ರವರಿಯ ಸೂಪರ್ ಬೌಲಲ್ಲಿ ಎರಡೂ ಟ್ಯಾಕಲ್ ಗಾಯ ಆಗಿ ಹೊರಗೆ, ಇಡೀ ಮ್ಯಾಚು ಜೀವ ಉಳಿಸ್ಕೊಂಡು ಓಡಿದ್ದೇ ಓಡಿದ್ದು, 31-9 ಸೋತ. ಕಾನ್ಸಾಸ್ ಸಿಟಿಯವ್ರು ಕ್ವಾರ್ಟರ್‌ಬ್ಯಾಕನ್ನ ಬೈತಾ ಕೂರ್ಲಿಲ್ಲ, ಲೈನ್ ಪೂರ್ತಿ ಕಿತ್ತು ಹೊಸದು ಕಟ್ಟಿದ್ರು, ಆಮೇಲೆ ಸಾಲಾಗಿ ಎರಡು ಟ್ರೋಫಿ.

ಕೋಚು, ರಿಸೀವರು, ಸ್ಯಾಲರಿ ಕ್ಯಾಪು ಎಲ್ಲಾ ಉಳೀತು, ಊಟದ ಹೊತ್ತಲ್ಲಿ ಹಿಡ್ಕೊಳ್ಳಿ. ಟೆಕ್ಸನ್ಸ್ ಕ್ವಾರ್ಟರ್‌ಬ್ಯಾಕ್ ಸ್ಟ್ರೌಡ್ ವಿಷ್ಯ ಒಂದು ಹೇಳಿ ಮುಗಿಸ್ತೀನಿ. 2023ರಲ್ಲಿ ಬಂದ್ಕೂಡ್ಲೇ 23 ಟಚ್‌ಡೌನು, ಎದುರಾಳಿ ಕೈಗೆ ಸಿಕ್ಕ ಪಾಸು, ಅಂದ್ರೆ ಇಂಟರ್‌ಸೆಪ್ಷನ್ನು, ಐದೇ, ಊರೆಲ್ಲಾ ಹೊತ್ತು ಮೆರೆಸಿದ್ರಿ. ಮರುವರ್ಷ 52 ಸ್ಯಾಕು, ಇಂಟರ್‌ಸೆಪ್ಷನ್ 12, ತಕ್ಷಣ "ಹುಡುಗನ ಬಂಡವಾಳ ಇಷ್ಟೇ" ಅಂತ ನಮ್ ವಾಟ್ಸಾಪ್ ಗ್ರೂಪಲ್ಲೇ ಬರೆದ್ರಿ, ಬರೆದೋರು ಇಲ್ಲೇ ಕೂತಿದ್ದಾರೆ, ಹೆಸ್ರು ಹೇಳಲ್ಲ. ಆ ಹುಡುಗನ ಮುಂದೆ ನಿಂತಿದ್ದ ಐದು ಜನರ ಹೆಸ್ರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರಲ್ಲಿ ಹೆಸರುವಾಸಿ ಟನ್ಸಿಲ್‌ನ ಬಿಟ್ಟು ಹೇಳಿ.

ಸರಿ ಸರಿ, ಮೈಕ್ ತಗೊಳ್ಳಿ ಮಾರಾಯ್ರೆ.