ನೂರೈವತ್ತು ಹೆಜ್ಜೆಗೆ ನಿಲ್ಲುವ ಕಾಲು

ಎಲ್ಲರಿಗೂ ನಮಸ್ಕಾರ.

ಸಭೆಯಲ್ಲಿ ಹೆಂಗಸರು ಹೆಚ್ಚಾಗಿ ಕಾಣುತ್ತಿದ್ದೀರಿ. ನನಗೆ ಸಂತೋಷ. ಐವತ್ತು ದಾಟಿದ ಗಂಡಸಿನ ಕಾಲುನೋವನ್ನು ನನ್ನ ಬಳಿಗೆ ಕರೆತರುವವರು ಬಹಳ ಸಲ ಅವರ ಹೆಂಡತಿ, ಇಲ್ಲವೇ ಮಗಳು. ಆತ ತಾನಾಗಿ ಬರುವುದು ಅಪರೂಪ. ಬಂದರೂ ಕುರ್ಚಿಯಲ್ಲಿ ಕೂರುವ ಮೊದಲೇ ಕಾರಣವನ್ನು ತಾನೇ ಹೇಳಿಬಿಡುತ್ತಾನೆ: "ವಯಸ್ಸಾಯಿತಲ್ಲ, ಡಾಕ್ಟರೇ." ಈ ಒಂದು ಮಾತಿನ ಮೇಲೆ ನನಗೆ ಬಹಳ ವರ್ಷಗಳ ಕೋಪವಿದೆ. ಅದನ್ನು ತೋಡಿಕೊಳ್ಳಲೆಂದೇ ಇವತ್ತು ಬಂದಿದ್ದೇನೆ. ನಾನು ಹೇಳಹೊರಟಿರುವುದು ಕಾಲಿನ ಅಪಧಮನಿಯ ಕಾಯಿಲೆಯ ಬಗ್ಗೆ, ಅಂದರೆ ಕಾಲಿಗೆ ರಕ್ತ ಒಯ್ಯುವ ನಾಳ ಸಪೂರವಾಗುವುದರ ಬಗ್ಗೆ.

ಒಬ್ಬರ ಕಥೆ ಹೇಳುತ್ತೇನೆ. ದಿನವೂ ದಂಪತಿ ಒಟ್ಟಿಗೆ ನಡೆಯಲು ಹೋಗುತ್ತಿದ್ದರು. ಸ್ವಲ್ಪ ದೂರ ಹೋಗುತ್ತಿದ್ದಂತೆ ಗಂಡ ನಿಂತು ಜೇಬಿನಿಂದ ಮೊಬೈಲ್ ತೆಗೆಯುತ್ತಿದ್ದರು. ಎರಡು ನಿಮಿಷ ಅದನ್ನೇ ನೋಡಿ ಮತ್ತೆ ಹೊರಡುತ್ತಿದ್ದರು. ಇನ್ನೊಂದಿಷ್ಟು ದೂರ ಹೋದ ಮೇಲೆ ಮತ್ತೆ ಮೊಬೈಲ್. ಹೆಂಡತಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅನುಮಾನ ಬಂತು. ಒಂದು ದಿನ ಅವರು ಸುಮ್ಮನೆ ಹೆಜ್ಜೆ ಎಣಿಸಿದರು. ಪ್ರತಿ ಸಲವೂ ಹೆಚ್ಚುಕಡಿಮೆ ನೂರೈವತ್ತು. ಮೊಬೈಲ್ ಬರೀ ನೆಪವಾಗಿತ್ತು, ಮನುಷ್ಯ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಿದ್ದರು. ನೋವನ್ನು ಹೆಂಡತಿಯಿಂದ ಮುಚ್ಚಿಟ್ಟಿದ್ದರು. ನಾನು ಬರೆದುಕೊಂಡ ರೋಗಚರಿತ್ರೆಗಳಲ್ಲಿ ಆ ತಾಯಿ ಎಣಿಸಿ ತಂದ ಲೆಕ್ಕದಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ಹಿಂದೆ ಇಂಥವರು ಅಂಗಡಿಗಳ ಗಾಜಿನ ಮುಂದೆ ನಿಂತು ಸಾಮಾನು ನೋಡುವವರಂತೆ ನಟಿಸುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಈ ಕಾಯಿಲೆಗೆ ಅಂಗಡಿಗಾಜಿನ ಕಾಯಿಲೆ ಎಂದೇ ಹೆಸರು.

ಇದರ ಲಕ್ಷಣ ಕೇಳಿದರೆ ನಿಮಗೆ ಕುದುರೆಯೊಂದು ನೆನಪಾಗಬೇಕು. ನನಗೆ ಬಹಳ ಇಷ್ಟದ ಕುದುರೆ ಅದು, ಎಲ್ಲಿ ಮಾತನಾಡಿದರೂ ಅದನ್ನು ಕರೆತರುತ್ತೇನೆ. 1831ರಲ್ಲಿ ಫ್ರಾನ್ಸಿನ ಬೂಲೆ ಎಂಬ ಪಶುವೈದ್ಯರು ಒಂದು ಹೆಣ್ಣು ಕುದುರೆಯ ವೃತ್ತಾಂತ ಬರೆದರು. ಗಾಡಿಗೆ ಕಟ್ಟಿದಾಗ ಚೆನ್ನಾಗಿಯೇ ಹೊರಡುತ್ತಿತ್ತು. ಸ್ವಲ್ಪ ಹೊತ್ತು ಓಡಿದರೆ ಹಿಂಗಾಲು ಕುಂಟುತ್ತಿತ್ತು. ನಿಲ್ಲಿಸಿದರೆ ಸರಿಹೋಗುತ್ತಿತ್ತು, ಮತ್ತೆ ಹೊರಡಿಸಿದರೆ ಮತ್ತೆ ಕುಂಟುತ್ತಿತ್ತು. ಸತ್ತ ಮೇಲೆ ಕೊಯ್ದು ನೋಡಿದಾಗ ತೊಡೆಯ ಅಪಧಮನಿಗಳು ಮುಚ್ಚಿಹೋಗಿದ್ದವು. 1858ರಲ್ಲಿ ಷಾರ್ಕೊ ಎಂಬ ವೈದ್ಯರು ಮನುಷ್ಯನಲ್ಲಿ ಇದೇ ಸ್ಥಿತಿಯನ್ನು ಕಂಡು ವಿವರಿಸಿದರು. ಕುದುರೆಗೆ ನಟಿಸಲು ಬರುವುದಿಲ್ಲ, ಜೇಬಿನಲ್ಲಿ ಮೊಬೈಲೂ ಇಲ್ಲ. ಅದು ನೇರವಾಗಿ ಕುಂಟಿತು, ಆದ್ದರಿಂದ ಅದರ ಕಾಯಿಲೆ ಬಯಲಾಯಿತು. ಗಮನಿಸಿ, ಆ ಪಶುವೈದ್ಯರು "ಕುದುರೆಗೆ ವಯಸ್ಸಾಯಿತು" ಎಂದು ಕೈತೊಳೆದುಕೊಳ್ಳಲಿಲ್ಲ.

ಕೆಲಸ ಮಾಡದ ಸ್ನಾಯುವಿಗೆ ಸ್ವಲ್ಪವೇ ರಕ್ತ ಸಾಕು, ನಡೆಯುವ ಸ್ನಾಯುವಿಗೆ ಹಲವು ಪಟ್ಟು ಬೇಕು. ನಾಳ ಸಪೂರವಾಗಿದ್ದರೆ ಆ ಹೆಚ್ಚುವರಿ ಬರುವುದಿಲ್ಲ. ನಾಳದ ವಿಷಯದಲ್ಲಿ ಪ್ರಕೃತಿಯ ಲೆಕ್ಕ ಬಹಳ ಕಠಿಣ. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ. ಒತ್ತಡ ಅಷ್ಟೇ ಇದ್ದರೆ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಿದ್ದರೂ ಬಹುಕಾಲ ನಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಅಕ್ಕಪಕ್ಕದ ಸಣ್ಣ ನಾಳಗಳು ಸದ್ದಿಲ್ಲದೆ ಹೊರೆ ಹೊರುತ್ತವೆ. ನೋವು ಶುರುವಾಗುವ ಹೊತ್ತಿಗೆ ಒಳಗೆ ಬಹಳ ಕಾಲ ಕಳೆದಿರುತ್ತದೆ. ಅನೇಕರಿಗೆ ನೋವೇ ಇರುವುದಿಲ್ಲ.

ನಾಳ ಸಪೂರವಾಗಲು ಕಾರಣವೇನು? ಮೊದಲನೆಯದಾಗಿ ತಂಬಾಕು. ಅದರ ಪಕ್ಕದಲ್ಲಿ ಬೇರೆ ಯಾವುದನ್ನೂ ಕೂರಿಸಲು ನನಗೆ ಮನಸ್ಸಿಲ್ಲ. ಕಾಲಿನ ಅಪಧಮನಿಯ ಕಾಯಿಲೆಯವರಲ್ಲಿ ಬಹುಪಾಲು ಜನ ಧೂಮಪಾನ ಮಾಡುವವರು, ಇಲ್ಲವೇ ಹಿಂದೆ ಮಾಡುತ್ತಿದ್ದವರು. ಹೊಗೆ ನಾಳದ ಒಳಪದರವನ್ನು ಗಾಸಿಗೊಳಿಸುತ್ತದೆ, ಅಲ್ಲಿ ಕೊಬ್ಬು ಕೂರಲು ಜಾಗವಾಗುತ್ತದೆ. ನಿಕೋಟಿನ್ ನಾಳವನ್ನು ಬಿಗಿಯುತ್ತದೆ, ಇಂಗಾಲದ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಬಳಿಸುತ್ತದೆ, ರಕ್ತವೂ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಒಂದೇ ಕಡ್ಡಿಯಿಂದ ನಾಲ್ಕು ಏಟು. 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಇನ್ನೊಂದು ಕಾಯಿಲೆಯೂ ಇದೆ. ಅದು ನಲವತ್ತೈದು ತುಂಬದ, ತಂಬಾಕು ಬಳಸುವ ಗಂಡಸರ ಕಾಲ್ಬೆರಳುಗಳನ್ನು ತಿನ್ನುತ್ತದೆ. ತಂಬಾಕನ್ನು ಪೂರ್ತಿಯಾಗಿ ಬಿಡದೆ ಅದು ನಿಲ್ಲುವುದಿಲ್ಲ. ಮೂವತ್ತೈದರ ಆ ಯುವಕನ ಬೆರಳು ಕಪ್ಪಾದಾಗ "ವಯಸ್ಸಾಯಿತು" ಎಂದು ಯಾರು ಹೇಳುತ್ತೀರಿ?

ಎರಡನೆಯದು ಸಕ್ಕರೆ ಕಾಯಿಲೆ. ಇದು ಮಂಡಿಯ ಕೆಳಗಿನ ಸಣ್ಣ ಅಪಧಮನಿಗಳನ್ನು ಹುಡುಕಿಕೊಂಡು ಹೋಗುತ್ತದೆ, ಜೊತೆಗೆ ನರಗಳನ್ನೂ ಕೆಡಿಸುತ್ತದೆ. ಅಪಾಯವಿರುವುದು ಇಲ್ಲೇ. ನರ ಕೆಟ್ಟರೆ ನೂರೈವತ್ತು ಹೆಜ್ಜೆಗೆ ನಿಲ್ಲಿಸುವ ಆ ನೋವೂ ಬರುವುದಿಲ್ಲ. ಕಾಯಿಲೆ ಮೊದಲು ಕಾಣುವುದು ಅಂಗಾಲಿನಲ್ಲಿ ಮಾಯದ ಗಾಯವಾಗಿ. ಆದ್ದರಿಂದ ಸಕ್ಕರೆ ಇರುವವರು ದಿನಕ್ಕೊಮ್ಮೆ ಪಾದವನ್ನು ಬೆಳಕಿಗೆ ಹಿಡಿದು, ಬೆರಳುಗಳ ಸಂದಿಯವರೆಗೂ ನೋಡಿಕೊಳ್ಳಬೇಕು. ಬಗ್ಗಲು ಆಗದಿದ್ದರೆ ಕನ್ನಡಿ ಇಡಿ, ಮನೆಯವರನ್ನು ಕೇಳಿ. ನಾಚಿಕೆ ಬೇಡ.

ರಕ್ತದೊತ್ತಡ, ಕೊಲೆಸ್ಟ್ರಾಲ್, ಮೂತ್ರಪಿಂಡದ ತೊಂದರೆ, ಮನೆತನದಲ್ಲಿ ಹೃದಯದ ಕಾಯಿಲೆ, ಇವೆಲ್ಲ ನೀವು ಕೇಳಿಯೇ ಇದ್ದೀರಿ. ಒಂದೊಂದಾಗಿ ಬಿಡಿಸಲು ಇವತ್ತು ಸಮಯವಿಲ್ಲ. ಇವು ಒಂದರ ಮೇಲೊಂದು ಸೇರಿದಾಗ ಅಪಾಯ ಬಹಳ ಬೇಗ ಏರುತ್ತದೆ ಎಂಬುದನ್ನು ಮಾತ್ರ ನೆನಪಿಡಿ. ವಯಸ್ಸೂ ಪಟ್ಟಿಯಲ್ಲಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಪಟ್ಟಿಯಲ್ಲಿ ನಮ್ಮ ಕೈಗೆ ಸಿಗದ ಕೆಲವೇ ಹೆಸರುಗಳಲ್ಲಿ ಅದೊಂದು. ಕೈಗೆ ಸಿಗುವುದನ್ನೆಲ್ಲ ಬಿಟ್ಟು ಸಿಗದ ಒಂದನ್ನೇ ದೂರುತ್ತಾ ಕೂರುವುದೇಕೆ?

ಗಂಡಸರು ಹೇಳಿಕೊಳ್ಳದ ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ನಾಳದ ತಡೆ ಕಾಲಿಗಿಂತ ಮೇಲೆ, ಹೊಟ್ಟೆಯ ಮಹಾಪಧಮನಿ ಕವಲೊಡೆಯುವಲ್ಲಿ ಇದ್ದರೆ ನಡೆಯುವಾಗ ಪೃಷ್ಠ ಮತ್ತು ತೊಡೆ ನೋಯುತ್ತವೆ, ಲೈಂಗಿಕ ಶಕ್ತಿಯೂ ಕುಂದುತ್ತದೆ. ಇದಕ್ಕೆ ಫ್ರಾನ್ಸಿನ ಶಸ್ತ್ರವೈದ್ಯ ಲೆರಿಷ್ ಅವರ ಹೆಸರೇ ಇದೆ. ಅದನ್ನು ಮನಸ್ಸಿನ ದೌರ್ಬಲ್ಯ ಎಂದುಕೊಂಡು ವರ್ಷಗಟ್ಟಲೆ ಒಳಗೇ ಕೊರಗಿದವರನ್ನು ನೋಡಿದ್ದೇನೆ. ದಯವಿಟ್ಟು ವೈದ್ಯರಿಗೆ ಹೇಳಿ.

ಮುಗಿಸಬೇಕೆಂದು ಚೀಟಿ ಬಂದಿದೆ. ಆದರೂ ಇದನ್ನು ಬಿಡಲಾರೆ. ಕಾಲಿನ ನಾಳದಲ್ಲಿ ಕೊಬ್ಬು ಕೂತಿದ್ದರೆ ಹೃದಯಕ್ಕೂ ಮಿದುಳಿಗೂ ಹೋಗುವ ನಾಳಗಳಲ್ಲಿ ಅದೇ ನಡೆಯುತ್ತಿರುವ ಸಾಧ್ಯತೆ ಬಹಳ. ಇಂಥವರಲ್ಲಿ ಕಾಲು ಕಳೆದುಕೊಳ್ಳುವವರಿಗಿಂತ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ ತೀರಿಕೊಳ್ಳುವವರೇ ಹೆಚ್ಚು. ಮೀನಖಂಡ ನೋವಿಗೆ ಎಣ್ಣೆ ತಿಕ್ಕಿ ಮಲಗಿದವರು ಹೃದಯದ ಎಚ್ಚರಿಕೆಯನ್ನೂ ಅದರ ಜೊತೆಗೇ ತಿಕ್ಕಿ ಹಾಕಿರುತ್ತಾರೆ.

ಚಿಕಿತ್ಸೆಯ ಬಗ್ಗೆ ನಾಲ್ಕೇ ಮಾತು. ತಂಬಾಕು ಬಿಡಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ನಿಲ್ಲಿಸಬಾರದು. ಪರೀಕ್ಷೆ ಮಾಡಿಸಿಕೊಂಡ ಮೇಲೆ ನಡೆಯಬೇಕು: ನೋವು ಜೋರಾಗುವವರೆಗೆ ನಡೆದು, ನಿಂತು, ಕಡಿಮೆಯಾದ ಮೇಲೆ ಮತ್ತೆ ನಡೆಯಬೇಕು. ಹೀಗೆ ವಾರಕ್ಕೆ ಕನಿಷ್ಠ ಮೂರು ದಿನ, ಅರ್ಧ ಗಂಟೆಗೂ ಮೇಲೆ, ಮೂರು ತಿಂಗಳು. ಮೊಬೈಲ್ ತೆಗೆಯುತ್ತಿದ್ದ ಆ ಮನುಷ್ಯರು ಮಾಡಿದ್ದು ಇದನ್ನೇ. ಈಗಲೂ ಹೆಂಡತಿ ಜೊತೆಗಿರುತ್ತಾರೆ, ಆದರೆ ಹೆಜ್ಜೆ ಎಣಿಸುವುದನ್ನು ಬಿಟ್ಟಿದ್ದಾರೆ. ಇನ್ನು ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ಹಿತವೆನಿಸಿದರೆ, ತಡಮಾಡದೆ ವೈದ್ಯರ ಬಳಿಗೆ ಹೋಗಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡು ಜೋಮುಹಿಡಿದರೆ ಗಂಟೆಗಳೂ ಮುಖ್ಯ. ಬೆಳಗಾಗಲಿ ಎಂದು ಕಾಯಬೇಡಿ.

ಪಕ್ಕದ ಕೋಣೆಯಲ್ಲಿ ನಮ್ಮ ಸಹಾಯಕರು ತೋಳಿಗೂ ಕಣಕಾಲಿಗೂ ಪಟ್ಟಿ ಕಟ್ಟಿ ಒತ್ತಡ ಅಳೆಯುತ್ತಾರೆ. ಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳದಲ್ಲಿ ತಡೆಯಿದೆ ಎಂದರ್ಥ. ಸೂಜಿಯಿಲ್ಲ, ನೋವಿಲ್ಲ. ಐವತ್ತು ದಾಟಿದವರು, ತಂಬಾಕಿನವರು, ಸಕ್ಕರೆಯವರು ಮೊದಲು ಹೋಗಿ. ಕಾಲುಚೀಲ ಇಲ್ಲೇ ಬಿಚ್ಚಿಕೊಂಡು ಹೋದರೆ ಸಾಲು ಬೇಗ ಸಾಗುತ್ತದೆ.