ಹೊಳೆ ಇಲ್ಲದ ಊರಿನವರು ಬರೆದ ಹೊಳೆ

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನಿಂತು ಹೊಳೆಯ ಬಗ್ಗೆ ಮಾತಾಡುವುದು ಸ್ವಲ್ಪ ಕಷ್ಟ. ಇಲ್ಲಿ ಕೂತಿರುವ ಎಲ್ಲರಿಗೂ ಒಂದೊಂದು ಹೊಳೆ ಗೊತ್ತು. ಸಕಲೇಶಪುರದ ಕಡೆಯವರಿಗೆ ಹೇಮಾವತಿ, ಬೇಲೂರಿನವರಿಗೆ ಯಗಚಿ. ಹೊಳೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೈಬಲ್ ಬರೆದವರಿಗೆ ಅದು ಏನಾಗಿತ್ತು ಅಂತ ಮಾತ್ರ ಹೇಳುತ್ತೇನೆ.

ನನಗೆ ಬೈಬಲ್ ಓದಲು ಕಲಿಸಿದ್ದು ನಮ್ಮ ಚಿಕ್ಕಮ್ಮ. ಅವರ ಹಳೇ ಕನ್ನಡ ಬೈಬಲಿನಲ್ಲಿ 'ಯೊರ್ದನ್ ಹೊಳೆ' ಅಂತಲೇ ಇತ್ತು, ನದಿ ಅಂತ ಅಲ್ಲ. ಆ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಆಷಾಢದ ಹೇಮಾವತಿ. ಕೆಂಪು ನೀರು, ಬುಡಸಮೇತ ತೇಲಿಬರುವ ಬಿದಿರು, ರಾತ್ರಿಯಿಡೀ ಭೋರ್ ಅನ್ನುವ ಸದ್ದು. ಬಹಳ ವರ್ಷ ಆದ ಮೇಲೆ ಯೊರ್ದನಿನ ಫೋಟೋ ನೋಡಿದೆ. ಅಯ್ಯೋ, ಇಷ್ಟೇನಾ ಅನ್ನಿಸಿತು. ಉದ್ದದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಯೊರ್ದನ್ 250 ಕಿಲೋಮೀಟರ್ ಆಸುಪಾಸು, ಹೇಮಾವತಿ 245. ಆದರೆ ಆ ಫೋಟೋದಲ್ಲಿದ್ದದ್ದು ಎರಡು ಕಡೆ ಜೊಂಡು ಬೆಳೆದ, ಮಣ್ಣುಬಣ್ಣದ ಸಣ್ಣ ಹರಿವು.

ಈ ಬೇಜಾರು ನನಗೇ ಮೊದಲು ಆದದ್ದೇನಲ್ಲ. ಎರಡನೆಯ ಅರಸುಗಳ ಪುಸ್ತಕದಲ್ಲಿ ನಾಮಾನ ಅಂತ ಒಬ್ಬ ಸೇನಾಪತಿ ಬರುತ್ತಾನೆ. ಸಿರಿಯಾದವನು. ದೊಡ್ಡ ಮನುಷ್ಯ, ಮೈಮೇಲೆ ಕುಷ್ಠ. ಬೆಳ್ಳಿ, ಬಂಗಾರ, ರಥ, ಕುದುರೆ ಎಲ್ಲ ಕಟ್ಟಿಕೊಂಡು ಪ್ರವಾದಿ ಎಲೀಷನ ಮನೆ ಬಾಗಿಲಿಗೆ ಬಂದ. ಎಲೀಷ ಹೊರಗೇ ಬರಲಿಲ್ಲ! ಆಳಿನ ಕೈಲಿ ಹೇಳಿಕಳಿಸಿದ: ಹೋಗಿ ಯೊರ್ದನಿನಲ್ಲಿ ಏಳು ಸಲ ಮುಳುಗಿ ಏಳು. ನಾಮಾನನಿಗೆ ಸಿಟ್ಟು ಬಂತು. ನಮ್ಮ ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಇಸ್ರಾಯೇಲಿನ ಎಲ್ಲ ನೀರಿಗಿಂತ ಚೆನ್ನಾಗಿಲ್ಲವಾ ಅಂತ ಕೇಳಿದ. ನಮ್ಮೂರಿನವನ ಮಾತು ಕೇಳಿದ ಹಾಗಾಗುತ್ತದೆ, ಅಲ್ವಾ? ಕೊನೆಗೆ ಬುದ್ಧಿ ಹೇಳಿದವರು ಅವನ ಆಳುಗಳೇ. ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ, ಸುಮ್ನೆ ಸ್ನಾನ ಮಾಡಿ ಅಂದರೆ ಯಾಕೆ ಆಗಲ್ಲ ಅಂದರು. ಅವನು ಇಳಿದ. ಮೈ ಮಗುವಿನ ಮೈಯಂತಾಯಿತು.

'ಇಳಿದ' ಅನ್ನುವ ಮಾತು ಗಮನಿಸಿ. ಹೀಬ್ರೂ ಭಾಷೆಯಲ್ಲಿ 'ಯಾರದ್' ಅಂದರೆ ಇಳಿಯುವುದು. ಯೊರ್ದನ್ ಅನ್ನುವ ಹೆಸರು ಅದರಿಂದಲೇ ಬಂತು ಅಂತ ಬಹಳ ಜನ ಹೇಳುತ್ತಾರೆ. ಹೆಸರಿಗೆ ತಕ್ಕ ಹಾಗೆ ಅದು ಗಲಿಲಾಯ ಸರೋವರ ಮುಟ್ಟುವ ಹೊತ್ತಿಗೇ ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿರುತ್ತದೆ. ಅಲ್ಲಿಂದ ಇನ್ನೂ ಇಳಿದು ಮೃತ ಸಮುದ್ರ ಸೇರುತ್ತದೆ. ಅದು ಈಗ 430 ಮೀಟರಿಗಿಂತಲೂ ಕೆಳಗಿದೆ. ಭೂಮಿಯ ಮೇಲೆ ಅದಕ್ಕಿಂತ ತಗ್ಗಿನ ದಡ ಇಲ್ಲ. ಯೇಸು ಸ್ನಾನಿಕ ಯೋಹಾನನ ಹತ್ತಿರ ಬಂದು ನೀರಿಗಿಳಿದದ್ದು ಈ ಹೊಳೆಯಲ್ಲಿ. ನಮ್ಮಲ್ಲಿ ಕೆಲವರು ಅದನ್ನು ಜ್ಞಾನಸ್ನಾನ ಅನ್ನುತ್ತಾರೆ, ಕೆಲವರು ದೀಕ್ಷಾಸ್ನಾನ. ಆ ಜಗಳ ಇವತ್ತು ಬೇಡ.

ಈಗ ಬೈಬಲಿನ ಮೊದಲ ಹೊಳೆಗೆ ಹೋಗೋಣ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಏದೆನಿನಿಂದ ಒಂದು ಹೊಳೆ ಹೊರಡುತ್ತದೆ, ಮುಂದೆ ನಾಲ್ಕಾಗಿ ಒಡೆಯುತ್ತದೆ: ಪೀಶೋನ್, ಗೀಹೋನ್, ಟೈಗ್ರಿಸ್, ಯೂಫ್ರೇಟಿಸ್. ಚಿಕ್ಕವನಿದ್ದಾಗ ನನಗಿದು ತಲೆಗೆ ಹತ್ತಲಿಲ್ಲ. ನಾನು ನೋಡಿದ ಹೊಳೆಗಳೆಲ್ಲ ಹಳ್ಳ ಸೇರಿ ದೊಡ್ಡದಾಗುತ್ತವೆ. ಯಗಚಿ ಬಂದು ಹೇಮಾವತಿಗೆ ಸೇರುತ್ತದೆ, ಹೇಮಾವತಿ ಹೋಗಿ ಕಾವೇರಿಗೆ. ಒಡೆಯುವ ಹೊಳೆ ಎಲ್ಲಿದೆ? ಆಮೇಲೆ ಗಂಗಾಮೂಲ ನೆನಪಾಯಿತು. ಚಿಕ್ಕಮಗಳೂರು ಜಿಲ್ಲೆಯ ಆ ಒಂದೇ ಬೆಟ್ಟದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ಎರಡು ಪೂರ್ವದ ಕಡೆ, ಒಂದು ಪಶ್ಚಿಮಕ್ಕೆ ಮಂಗಳೂರಿನ ಕಡಲಿಗೆ. ಆದಿಕಾಂಡ ಬರೆದವನು ಆ ಬೆಟ್ಟ ನೋಡಿರಲಿಲ್ಲ, ನಿಜ. ಆದರೆ ಅವನ ಮನಸ್ಸಿನಲ್ಲಿದ್ದದ್ದು ಅಂಥದೇ ಏನೋ: ಹಂಚಲಿಕ್ಕೇ ಹುಟ್ಟಿದ ನೀರು.

ಇಷ್ಟೆಲ್ಲ ಹೊಳೆ ಬರೆದವರ ಮುಖ್ಯ ಪಟ್ಟಣ ಜೆರುಸಲೇಮು. ಆ ಊರಿಗೆ ಹೊಳೆಯೇ ಇಲ್ಲ. ಇದ್ದದ್ದು ಒಂದು ಊಟೆ, ಅದರ ಹೆಸರೂ ಗೀಹೋನ್. ಏದೆನಿನ ಹೊಳೆಯ ಹೆಸರು! ಹಿಜ್ಕೀಯ ರಾಜ ಆ ನೀರನ್ನು ಊರೊಳಕ್ಕೆ ತರಲು ಬಂಡೆ ಕೊರೆಸಿ ಸುರಂಗ ಮಾಡಿಸಿದ. ಸುಮಾರು 530 ಮೀಟರ್ ಉದ್ದದ ಆ ಸುರಂಗದಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಅಂಥ ಊರಿನಲ್ಲಿ ಕೂತು 46ನೇ ಕೀರ್ತನೆ ಹಾಡಿದವನು, ಒಂದು ಹೊಳೆ ಇದೆ, ಅದರ ಕಾಲುವೆಗಳು ದೇವರ ಪಟ್ಟಣವನ್ನು ಸಂತೋಷಪಡಿಸುತ್ತವೆ ಅನ್ನುತ್ತಾನೆ. ಕಣ್ಣೆದುರು ಇರುವ ಹೊಳೆಯನ್ನು ಹಾಡುವುದು ಬೇರೆ, ಇಲ್ಲದ ಹೊಳೆಯನ್ನು ಹಾಡುವುದು ಬೇರೆ. ಮಳೆನಾಡಿನ ನಾವು ಆ ಸಾಲನ್ನು ಜಾಸ್ತಿ ಸಲೀಸಾಗಿ ಓದಿಬಿಡುತ್ತೇವೆ.

'ಜೀವಜಲ' ಅನ್ನುವ ಮಾತೂ ಹಾಗೆಯೇ. ಅವರ ಆಡುಮಾತಿನಲ್ಲಿ ಅದಕ್ಕೆ ಹರಿಯುವ ನೀರು ಅಂತಷ್ಟೇ ಅರ್ಥ. ತೊಟ್ಟಿಯಲ್ಲಿ ನಿಂತದ್ದಲ್ಲ. ಯೇಸು ಬಾವಿಕಟ್ಟೆಯಲ್ಲಿ ಆ ಮಾತು ಎತ್ತಿದಾಗ ಸಮಾರ್ಯದ ಹೆಂಗಸು, ಸೇದಲು ನಿಮ್ಮ ಹತ್ತಿರ ಏನೂ ಇಲ್ಲವಲ್ಲ, ಬಾವಿ ಬೇರೆ ಆಳ ಅಂದಳು. ಅವಳ ಲೆಕ್ಕದಲ್ಲಿ ತಪ್ಪೇನಿಲ್ಲ. ದಿನಾ ನೀರು ಹೊರುವವಳು ಅವಳು.

ನೈಲ್ ರಕ್ತವಾದದ್ದು, ಬಾಬೆಲಿನ ದಡದಲ್ಲಿ ಸೆರೆಯವರು ಅತ್ತದ್ದು ನಿಮಗೆ ಗೊತ್ತೇ ಇದೆ, ಬಿಡೋಣ. ನನಗೆ ಎಲ್ಲಕ್ಕಿಂತ ಇಷ್ಟ ಪ್ರವಾದಿ ಯೆಹೆಜ್ಕೇಲ ಕನಸಿನಂಥ ದರ್ಶನದಲ್ಲಿ ಕಂಡ ಹೊಳೆ. 47ನೇ ಅಧ್ಯಾಯ. ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಜಿನುಗುತ್ತದೆ. ಕೈಯಲ್ಲಿ ಅಳತೆ ಹಗ್ಗ ಹಿಡಿದವನೊಬ್ಬ ಸಾವಿರ ಮೊಳ ಅಳೆದು ಪ್ರವಾದಿಯನ್ನು ನೀರಿಗಿಳಿಸುತ್ತಾನೆ. ಪಾದ ಮುಳುಗುವಷ್ಟು. ಇನ್ನೊಂದು ಸಾವಿರ, ಮೊಣಕಾಲು. ಮತ್ತೊಂದು, ಸೊಂಟ. ನಾಲ್ಕನೆಯದಕ್ಕೆ ಈಜಬೇಕು. ನಡುವೆ ಒಂದು ಹಳ್ಳವೂ ಬಂದು ಸೇರಿಲ್ಲ! ಈ ನೀರು ಹೋಗುವುದು ಮೀನೇ ಬದುಕದ ಮೃತ ಸಮುದ್ರಕ್ಕೆ. ಅಲ್ಲಿ ನೀರು ಸಿಹಿಯಾಗುತ್ತದೆ, ದಡದಲ್ಲಿ ಬೆಸ್ತರು ಬಲೆ ಒಣಗಿಸುತ್ತಾರೆ. ಆದರೆ ಜೌಗು, ಕೆಸರಿನ ಜಾಗಗಳು ಉಪ್ಪಿಗೇ ಬಿಟ್ಟದ್ದು ಅಂತ ಒಂದು ಸಾಲು ಸೇರಿಸಿದ್ದಾನೆ. ಅಂಥ ಕನಸಿನಲ್ಲೂ ಮನೆಗೆ ಉಪ್ಪು ಬೇಕು ಅನ್ನುವುದನ್ನು ಅವನು ಮರೆತಿಲ್ಲ. ಬೈಬಲಿನ ಕೊನೆಯಲ್ಲಿ, ಪ್ರಕಟನೆಯಲ್ಲಿ, ಇದೇ ಹೊಳೆ ದೇವರ ಸಿಂಹಾಸನದಿಂದ ಹರಿಯುತ್ತದೆ. ಅಲ್ಲಿ ಉಪ್ಪಿನ ಸುದ್ದಿ ಇಲ್ಲ. ನನಗೆ ಯೆಹೆಜ್ಕೇಲನದೇ ಹತ್ತಿರ.

ಇನ್ನು ಶೆಟ್ಟಿಹಳ್ಳಿಗೆ ಬರುತ್ತೇನೆ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಇರಬಹುದು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಚರ್ಚು. 1979ರಲ್ಲಿ ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಬಂತು, ಸುತ್ತಲಿನ ಊರುಗಳು ಎದ್ದುಹೋದವು. ಮಳೆಗಾಲದಲ್ಲಿ ಚರ್ಚು ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಪಾದ, ಮೊಣಕಾಲು, ಸೊಂಟ, ಅದೇ ಅಳತೆ. ಆದರೆ ದಿಕ್ಕು ತಿರುಗುಮುರುಗು. ಯೆಹೆಜ್ಕೇಲನ ನೀರು ಹೊಸ್ತಿಲಿಂದ ಹೊರಗೆ ಹೋಯಿತು, ಇಲ್ಲಿ ಹೊಸ್ತಿಲು ದಾಟಿ ಒಳಗೆ ಬಂತು. ಆ ನೀರು ಕಾಲುವೆಯಲ್ಲಿ ಮಂಡ್ಯ, ತುಮಕೂರಿನ ಗದ್ದೆ ತೋಟಗಳಿಗೂ ಹೋಗುತ್ತದೆ. ಒಣಗಿದ ಕಡೆಗೇ ಹೋಗುತ್ತದೆ, ಒಪ್ಪುತ್ತೇನೆ. ಆದರೂ ಊರು ಬಿಟ್ಟವರನ್ನು ಕೇಳದೆ ಇದನ್ನು ಯೆಹೆಜ್ಕೇಲನ ಹೊಳೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಚಿಕ್ಕಮ್ಮನ ಮದುವೆ ಆಗಿದ್ದು ಆ ಚರ್ಚಿನಲ್ಲಿ. ಒಂದು ಏಪ್ರಿಲಿನಲ್ಲಿ ಅವರನ್ನು ಕರೆದುಕೊಂಡು ಹೋಗಿದ್ದೆ. ನೀರು ಪೂರ್ತಿ ಇಳಿದಿತ್ತು. ಒಳಗೆ ಗೋಡು ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ಹುಡುಗರು ಕಮಾನಿನ ಕೆಳಗೆ ಸೆಲ್ಫಿ ತೆಗೆಯುತ್ತಿದ್ದರು. ಇವರು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ಹೆಬ್ಬೆರಳಿನಿಂದ ಗೋಡು ಕೆದಕುತ್ತಾ ನಿಂತರು. ನಾನು ಯೆಹೆಜ್ಕೇಲನ ಮಾತು ಎತ್ತಿದೆ.

"ನೀರು ಹೋದ ಕಡೆಯವರು ಚೆನ್ನಾಗಿರಲಿ ಕಣೋ," ಅಂದರು. "ಹೊಸ್ತಿಲು ಇಲ್ಲೇ ಎಲ್ಲೋ ಇತ್ತು, ತಡಿ."